ಬಯಸಿದವನ ಸಾಕ್ಷಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆರ್ಕೇಡಿಯಾ ಎಂಬ ಊರಿದೆ. 2011ರ ಮಾರ್ಚ್ 14ರಂದು ಅಲ್ಲಿನ ಒಂದು ಸಭಾಂಗಣದಲ್ಲಿ ನೂರಾರು ವಿಜ್ಞಾನಿಗಳು ಒಂದು ಗುಟ್ಟಿನ ದಾಖಲೆ ತೆರೆಯುವುದನ್ನೇ ಕಾದು ಕುಳಿತಿದ್ದರು. ಆ ದಾಖಲೆಯನ್ನು ಅವರು 'ಲಕೋಟೆ' ಎಂದು ಕರೆಯುತ್ತಿದ್ದರು. ಆರು ತಿಂಗಳ ಹಿಂದೆ, 2010ರ ಸೆಪ್ಟೆಂಬರ್ 16ರಂದು, ಅವರ ಯಂತ್ರಗಳು ಒಂದು ಸಂಕೇತವನ್ನು ಹಿಡಿದಿದ್ದವು. ಮಹಾಶ್ವಾನ ನಕ್ಷತ್ರಪುಂಜದ ಕಡೆಯಿಂದ ಬಂದಂತಿದ್ದ ಅದಕ್ಕೆ 'ದೊಡ್ಡ ನಾಯಿ' ಎಂದು ತಾವೇ ಅಡ್ಡಹೆಸರಿಟ್ಟಿದ್ದರು. ಎರಡು ಭಾರಿ ಕಾಯಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಒಂದಾಗುವಾಗ ಹೊಮ್ಮುವ ಗುರುತ್ವದ ಅಲೆ ಹೇಗಿರಬೇಕೆಂದು ಗಣಿತ ಹೇಳುತ್ತದೋ ಅದು ಹಾಗೆಯೇ ಇತ್ತು. ಬರೀ ಆಕಸ್ಮಿಕವಾಗಿ ಇಂಥದೊಂದು ಗುರುತು ಮೂಡಬೇಕಾದರೆ ಸುಮಾರು 7000 ವರ್ಷ ಕಾಯಬೇಕು ಎಂದು ಲೆಕ್ಕ ಬಂದಿತ್ತು. ಹಗಲುರಾತ್ರಿ ಪರೀಕ್ಷಿಸಿ, ತಮ್ಮತಮ್ಮಲ್ಲೇ ಜಗಳವಾಡಿ, ಜಗತ್ತಿಗೆ ಸಾರಬೇಕಾದ ಪ್ರಬಂಧವನ್ನೂ ಬರೆದಿಟ್ಟಿದ್ದರು. ಸಂಭ್ರಮಕ್ಕೆಂದು ಗ್ಲಾಸುಗಳೂ ಸಿದ್ಧವಾಗಿದ್ದವು. ಲಕೋಟೆ ತೆರೆದರು. ಸಂಕೇತ ಸುಳ್ಳು. ಅವರದೇ ಸಂಸ್ಥೆಯ ಬೆರಳೆಣಿಕೆಯ ಜನ, ಅಧಿಕೃತವಾಗಿಯೇ, ಯಾರಿಗೂ ಹೇಳದೆ ಯಂತ್ರದ ಕನ್ನಡಿಗಳನ್ನು ಅಲುಗಿಸಿ ಆ ಅಲೆಯನ್ನು ನಕಲು ಮಾಡಿದ್ದರು.

ಇಂಥ ಮೋಸಕ್ಕೆ ಅವರೆಲ್ಲರೂ ಮೊದಲೇ ಒಪ್ಪಿಗೆ ಕೊಟ್ಟಿದ್ದರು ಎಂಬುದು ಈ ಪ್ರಸಂಗದ ನಿಜವಾದ ಸೋಜಿಗ. ಎಂದು ಮೋಸ ಹೋಗುತ್ತೇವೆ ಎಂಬುದು ಗೊತ್ತಿರಲಿಲ್ಲ. ಹೋಗಬಹುದು ಎಂಬುದು ಗೊತ್ತಿತ್ತು. ಸತ್ಯವೊಂದನ್ನು ಹುಡುಕಲು ಕೋಟ್ಯಂತರ ಡಾಲರು ಸುರಿದವರು ತಮ್ಮ ಮನೆಯೊಳಗೇ ಒಂದು ಸುಳ್ಳನ್ನು ಯಾಕೆ ಸಾಕಿಕೊಂಡರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದಕ್ಕಿಂತ ಹಳೆಯದಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಒಂದು ಸಂಗತಿ ನಿಜವಾಗಲಿ ಎಂದು ಮನಸಾರೆ ಬಯಸುವವನು ಆ ಸಂಗತಿಗೆ ಸಾಕ್ಷಿಯಾಗಬಹುದೇ? ಕೋರ್ಟಿನಲ್ಲಿ ಇದಕ್ಕೆ ಒಂದು ರೂಢಿಯ ಉತ್ತರವಿದೆ. ಕಕ್ಷಿಗಾರನ ಭಾವಮೈದುನ ಸಾಕ್ಷಿ ಹೇಳಲು ಬಂದರೆ ಎದುರು ವಕೀಲರು ಸುಮ್ಮನೆ ಬಿಡುವುದಿಲ್ಲ. ಆದರೆ ವಿಜ್ಞಾನದ ಮೊಕದ್ದಮೆಗಳಲ್ಲಿ ಬಯಸುವವರನ್ನು ಬಿಟ್ಟರೆ ಬೇರೆ ಸಾಕ್ಷಿಗಳೇ ಸಿಗುವುದಿಲ್ಲ. ಬಯಸದವನು ನಲವತ್ತು ವರ್ಷ ಒಂದು ಯಂತ್ರದ ಮುಂದೆ ಯಾಕೆ ಕೂರುತ್ತಾನೆ ಹೇಳಿ?

ಅಲೆಯ ವಿಷಯವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಐನ್‌ಸ್ಟೈನ್ 1915ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ ಗುರುತ್ವ ಎಂದರೆ ದೇಶ ಮತ್ತು ಕಾಲಗಳ ಬಾಗುವಿಕೆ. ಭಾರವಾದ ವಸ್ತು ತನ್ನ ಸುತ್ತಲಿನ ದೇಶ-ಕಾಲವನ್ನು ಬಾಗಿಸುತ್ತದೆ. ಅಂಥ ಭಾರಗಳು ವೇಗವಾಗಿ ಒಂದನ್ನೊಂದು ಸುತ್ತಿದರೆ ಆ ಬಾಗು ಅಲೆಯಾಗಿ, ಬೆಳಕಿನ ವೇಗದಲ್ಲಿ ಹರಡಿಕೊಳ್ಳಬೇಕು ಎಂದು ಅವರು 1916ರಲ್ಲಿ ಬರೆದರು. ಅಲೆ ಹಾದುಹೋಗುವಾಗ ದಾರಿಯಲ್ಲಿರುವುದನ್ನೆಲ್ಲ ಒಂದು ದಿಕ್ಕಿನಲ್ಲಿ ಹಿಗ್ಗಿಸಿ, ಅದಕ್ಕೆ ಅಡ್ಡದ ದಿಕ್ಕಿನಲ್ಲಿ ಕುಗ್ಗಿಸುತ್ತದೆ. ಕಪ್ಪುಕುಳಿ ಎಂದರೆ ಈ ಬಾಗು ಎಷ್ಟು ತೀವ್ರವಾಗಿದೆಯೆಂದರೆ ಒಳಗೆ ಹೋದ ಬೆಳಕೂ ವಾಪಸು ಬರಲಾರದ ಜಾಗ. ಎರಡು ಕಪ್ಪುಕುಳಿಗಳು ಡಿಕ್ಕಿಯಾದರೆ ಯಾವ ದುರ್ಬೀನಿಗೂ ಏನೂ ಕಾಣಿಸಲಿಕ್ಕಿಲ್ಲ. ಕತ್ತಲ ರಾತ್ರಿಯಲ್ಲಿ ನಡೆದ ಘಟನೆಗೆ ಸದ್ದೊಂದೇ ಸಾಕ್ಷಿಯಾಗುವ ಹಾಗೆ, ಅಲ್ಲಿ ಗುರುತ್ವದ ಅಲೆಯೊಂದೇ ಸಾಕ್ಷಿ.

ಐನ್‌ಸ್ಟೈನ್ ಅವರಿಗೇ ಈ ಅಲೆಗಳ ಬಗ್ಗೆ ಮನಸ್ಸು ಹೊಯ್ದಾಡಿತು. 1936ರಲ್ಲಿ ತಮ್ಮ ಸಹಾಯಕ ನೇಥನ್ ರೋಸೆನ್ ಜೊತೆ ಸೇರಿ, ಇಂಥ ಅಲೆಗಳು ಇಲ್ಲವೇ ಇಲ್ಲ ಎಂದು ಸಾಧಿಸುವ ಪ್ರಬಂಧವನ್ನು 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳಿಸಿದರು. ಸಂಪಾದಕರು ಅದನ್ನು ಇನ್ನೊಬ್ಬ ವಿದ್ವಾಂಸರಿಗೆ ಪರಿಶೀಲನೆಗೆ ಕೊಟ್ಟರು. ಅವರು ತಪ್ಪು ತೋರಿಸಿ ದೀರ್ಘ ಟಿಪ್ಪಣಿ ಬರೆದರು. ಹೆಸರು ಹೇಳದ ಯಾರೋ ತನ್ನನ್ನು ತಿದ್ದುವುದೇ ಎಂದು ಐನ್‌ಸ್ಟೈನ್ ಸಿಟ್ಟಾಗಿ ಪ್ರಬಂಧವನ್ನು ವಾಪಸು ಪಡೆದರು. ಆ ಪತ್ರಿಕೆಯಲ್ಲಿ ಮತ್ತೆಂದೂ ಅಂಥ ಸಂಶೋಧನಾ ಪ್ರಬಂಧ ಪ್ರಕಟಿಸಲಿಲ್ಲ. ತಪ್ಪು ತೋರಿಸಿದವರು ಎಚ್. ಪಿ. ರಾಬರ್ಟ್‌ಸನ್ ಎಂಬುದು 2005ರಲ್ಲಷ್ಟೇ ಬಹಿರಂಗವಾಯಿತು. ಚೆಂದದ ವಿಷಯವೆಂದರೆ ಆ ರಾಬರ್ಟ್‌ಸನ್ ತಾನು ಪರಿಶೀಲಕನೆಂದು ಹೇಳಿಕೊಳ್ಳದೆ, ಐನ್‌ಸ್ಟೈನರ ಹೊಸ ಸಹಾಯಕ ಇನ್‌ಫೆಲ್ಡ್ ಜೊತೆ ಸ್ನೇಹ ಬೆಳೆಸಿ, ಅವರ ಮೂಲಕ ಅದೇ ತಪ್ಪನ್ನು ಮೆಲ್ಲಗೆ ಮುಟ್ಟಿಸಿದರು. ಮರುವರ್ಷ ಆ ಪ್ರಬಂಧ ಬೇರೆ ಪತ್ರಿಕೆಯಲ್ಲಿ, ತಿರುಗುಮುರುಗಾದ ತೀರ್ಮಾನದೊಂದಿಗೆ ಬಂತು. ಅಲೆಗಳು ಇವೆ ಎಂಬ ಬಯಕೆಯಷ್ಟೇ ಅಲ್ಲ, ಇಲ್ಲ ಎಂಬ ಬಯಕೆಯೂ ಮನುಷ್ಯನನ್ನು ದಾರಿ ತಪ್ಪಿಸಬಲ್ಲದು.

ಇನ್ನು ಜೋಸೆಫ್ ವೆಬರ್. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಾಯಕ ಇವರೇ. ಅಮೆರಿಕದ ನೌಕಾಪಡೆಯಲ್ಲಿದ್ದವರು, ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಗುರುತ್ವದ ಅಲೆ ಎಂಬುದು ಬರೀ ಕಾಗದದ ಮೇಲಿನ ಚರ್ಚೆಯಾಗಿದ್ದ ಕಾಲದಲ್ಲಿ, ಅದನ್ನು ಹಿಡಿಯಲು ಒಂದು ಉಪಕರಣ ಕಟ್ಟೋಣ ಎಂದು ಹೊರಟ ಮೊದಲ ಮನುಷ್ಯ. ಒಂದು ಟನ್ನಿಗೂ ಮೀರಿದ ತೂಕದ ಅಲ್ಯುಮಿನಿಯಂ ಉರುಳೆಯನ್ನು ತಂತಿಯಲ್ಲಿ ತೂಗಿಬಿಟ್ಟು, ಅದರ ನಡುವಿಗೆ ಹರಳುಗಳನ್ನು ಅಂಟಿಸಿದರು. ಗ್ಯಾಸ್ ಒಲೆಯ ಲೈಟರಿನೊಳಗೆ ಇರುವಂಥದೇ ಜಾತಿಯ ಹರಳು. ಒತ್ತಿದರೆ ವಿದ್ಯುತ್ ಕೊಡುತ್ತದೆ. ಅಲೆ ಬಂದು ಉರುಳೆಯನ್ನು ತಟ್ಟಿದರೆ ಅದು ಗಂಟೆಯಂತೆ ಕಂಪಿಸಬೇಕು, ಹರಳು ಅದನ್ನು ಹೇಳಬೇಕು. ಲಾರಿ ಹೋದರೂ ಬಾಗಿಲು ಬಡಿದರೂ ಉರುಳೆ ಅಲುಗುತ್ತದಲ್ಲ? ಅದಕ್ಕಾಗಿ ಸುಮಾರು 1000 ಕಿ.ಮೀ. ದೂರದ ಷಿಕಾಗೋ ಬಳಿ ಇನ್ನೊಂದು ಉರುಳೆ ತೂಗಿಬಿಟ್ಟರು. ಮೇರಿಲ್ಯಾಂಡಿನ ಲಾರಿ ಷಿಕಾಗೋದ ಉರುಳೆಯನ್ನು ಅಲುಗಿಸಲಾರದು. ಎರಡೂ ಒಂದೇ ಕ್ಷಣ ಮಿಡಿದರೆ ಮಾತ್ರ ಅದು ಆಕಾಶದ ಸುದ್ದಿ.

1969ರಲ್ಲಿ ವೆಬರ್ ಘೋಷಿಸಿದರು: ಎರಡೂ ಒಟ್ಟಿಗೆ ಮಿಡಿದಿವೆ, ಒಮ್ಮೆಯಲ್ಲ, ಮತ್ತೆ ಮತ್ತೆ. ಜಗತ್ತು ಬೆರಗಾಯಿತು. ವೆಬರ್ ಹೇಳಿದ್ದು ನಿಜವಾದರೆ ನಮ್ಮ ಆಕಾಶಗಂಗೆ ವರ್ಷವರ್ಷವೂ ನೂರಾರು, ಸಾವಿರಾರು ಸೂರ್ಯರಷ್ಟು ದ್ರವ್ಯವನ್ನು ಅಲೆಯಾಗಿ ಕಳೆದುಕೊಳ್ಳುತ್ತಿರಬೇಕು, ಹಾಗಿದ್ದರೆ ಅದು ಇಷ್ಟು ಕಾಲ ಉಳಿದದ್ದು ಹೇಗೆ ಎಂದು ಕೆಲವರು ಕೇಳಿದರು. ಉಳಿದವರು ತಾವೂ ಉರುಳೆ ಕಟ್ಟಿದರು. ಮಾಸ್ಕೋದಲ್ಲಿ, ಮ್ಯೂನಿಕ್‌ನಲ್ಲಿ, ಗ್ಲಾಸ್ಗೋದಲ್ಲಿ, ಬೆಲ್ ಪ್ರಯೋಗಾಲಯದಲ್ಲಿ, ಐಬಿಎಂನಲ್ಲಿ ಕಿವಿಗೊಟ್ಟು ಕೇಳಿದರು. ಮೌನ. ವೆಬರ್ ಅವರಿಗೆ ಮಾತ್ರ ಕೇಳಿಸುತ್ತಲೇ ಇತ್ತು. ರೋಚೆಸ್ಟರ್ ವಿಶ್ವವಿದ್ಯಾಲಯದ ಉರುಳೆಗೂ ತಮ್ಮ ಉರುಳೆಗೂ ಒಂದೇ ಕ್ಷಣದ ಮಿಡಿತಗಳು ಸಿಕ್ಕಿವೆ ಎಂದು ಅವರು ಹೇಳಿದಾಗ ಆಘಾತಕಾರಿ ಸಂಗತಿಯೊಂದು ಹೊರಬಿತ್ತು. ಒಂದು ಕಡೆಯ ಗಡಿಯಾರ ಗ್ರೀನಿಚ್ ಸಮಯದಲ್ಲಿತ್ತು, ಇನ್ನೊಂದು ಅಮೆರಿಕದ ಪೂರ್ವಭಾಗದ ಬೇಸಿಗೆ ಸಮಯದಲ್ಲಿ. ಎರಡಕ್ಕೂ ನಾಲ್ಕು ಗಂಟೆ ಅಂತರ. ಅಂದರೆ ಅವರು 'ಒಂದೇ ಕ್ಷಣ' ಎಂದದ್ದು ನಾಲ್ಕು ಗಂಟೆ ಹಿಂದು ಮುಂದಿನ ಎರಡು ಬೇರೆ ಬೇರೆ ಕ್ಷಣಗಳು! ಇಲ್ಲದ್ದರಲ್ಲೂ ಇರುವುದು ಸಿಕ್ಕಿಬಿಟ್ಟಿತ್ತು.

ಇದು ವಂಚನೆಯಲ್ಲ. ವೆಬರ್ ಸುಳ್ಳುಗಾರರಾಗಿದ್ದರೆ ಅವರ ಕತೆಯಲ್ಲಿ ಕೇಳುವಂಥದು ಏನೂ ಇರುತ್ತಿರಲಿಲ್ಲ. ಯಾವ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಗೆರೆಯನ್ನು ಅವರೇ ಎಳೆಯುತ್ತಿದ್ದರು, ಅವರೇ ಅಳಿಸಿ ಜರುಗಿಸುತ್ತಿದ್ದರು. ಸಂಕೇತ ಕಂಡಾಗ ಗೆರೆ ಸರಿಯಾಗಿದೆ ಎನಿಸುತ್ತಿತ್ತು, ಕಾಣದಾಗ ಇನ್ನೊಮ್ಮೆ ಶ್ರುತಿ ಮಾಡಬೇಕು ಎನಿಸುತ್ತಿತ್ತು. ಹೀಗೆ ಶ್ರುತಿ ಮಾಡುತ್ತ ಹೋದರೆ ಕೊನೆಗೊಂದು ದಿನ ಗೋಡೆಯೂ ಹಾಡುತ್ತದೆ.

ಹಳೆಯ ಅರಬಿ ಚರಿತ್ರೆ ಪುಸ್ತಕಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಬಸ್ರಾ ಪಟ್ಟಣದಲ್ಲಿ ಜನ ರಮಝಾನಿನ ಚಂದ್ರನಿಗಾಗಿ ಬಾನು ನೋಡುತ್ತಿದ್ದರು. ಪ್ರವಾದಿಯವರ ಸಂಗಾತಿಯಾಗಿದ್ದ ಹಝ್ರತ್ ಅನಸ್ ಬಿನ್ ಮಾಲಿಕ್ ಅವರೂ ಅಲ್ಲಿದ್ದರು. ನೂರರ ಸಮೀಪದ ಮುದಿ ವಯಸ್ಸು. ಅಗೋ ಚಂದ್ರ ಎಂದು ಅವರು ಬೆರಳು ತೋರಿಸಿದರು. ಬೇರೆ ಯಾರಿಗೂ ಕಾಣಿಸಲಿಲ್ಲ. ಅಂಥವರ ಮಾತನ್ನು ಅಲ್ಲಗಳೆಯುವ ಧೈರ್ಯ ಯಾರಿಗಿದೆ? ಜಾಣತನಕ್ಕೆ ಹೆಸರಾದ ಇಯಾಸ್ ಬಿನ್ ಮುಆವಿಯಾ, ಮುಂದೆ ಆ ಊರಿನ ಖಾಝಿಯಾದವರು, ಹತ್ತಿರ ಹೋಗಿ ನೋಡಿದರು. ಹಿರಿಯರ ಹುಬ್ಬಿನ ಒಂದು ಬಿಳಿಕೂದಲು ಬಾಗಿ ಕಣ್ಣ ಮುಂದೆ ಬಂದಿತ್ತು. ಇಯಾಸ್ ಏನೂ ಹೇಳದೆ ಕೂದಲನ್ನು ನಯವಾಗಿ ಸವರಿ ಸರಿಮಾಡಿ, ಈಗ ಚಂದ್ರ ಎಲ್ಲಿದ್ದಾನೆ ತೋರಿಸಿ ಅಂದರು. ಹಿರಿಯರು ನೋಡಿ, ಈಗ ಕಾಣುತ್ತಿಲ್ಲ ಎಂದರು.

ಈ ಪ್ರಸಂಗದಲ್ಲಿ ಇಯಾಸರ ಜಾಣತನವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಮುಖ್ಯವೆನಿಸುವುದು ಅವರ ಕೈಯ ನಯ, ಅದಕ್ಕಿಂತ ಹೆಚ್ಚಾಗಿ ಆ ಮುದುಕರ ಎರಡನೆಯ ಮಾತು. ಕಂಡದ್ದನ್ನು ಕಂಡೆ ಎನ್ನುವುದು ಸುಲಭ. ಊರೆಲ್ಲ ನೋಡುತ್ತಿರುವಾಗ, ಈಗ ಕಾಣುತ್ತಿಲ್ಲ ಎನ್ನುವುದು ಹಾಗಲ್ಲ. ವೆಬರ್ ಅವರಿಗೆ ಆ ಎರಡನೆಯ ಮಾತು ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಅವರಿಗೆ ಇಯಾಸರಂಥ ಕೈಯೂ ಸಿಗಲಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು. 1974ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ನಡೆದ ಸಭೆಯಲ್ಲಿ ಐಬಿಎಂನ ರಿಚರ್ಡ್ ಗಾರ್ವಿನ್ ಎಲ್ಲರೆದುರು ಅವರ ತಪ್ಪುಗಳನ್ನು ಬಿಡಿಸಿಟ್ಟರು. ಇಬ್ಬರೂ ಕೈ ಮಿಲಾಯಿಸುವ ಹಂತಕ್ಕೆ ಬಂದರೆಂದೂ, ಕೋಲೂರಿ ನಡೆಯುವ ಫಿಲಿಪ್ ಮಾರಿಸನ್ ನಡುವೆ ಬಂದು ಬಿಡಿಸಬೇಕಾಯಿತೆಂದೂ ಅಲ್ಲಿದ್ದವರು ನೆನೆಯುತ್ತಾರೆ. ಗಾರ್ವಿನ್ ಹೇಳಿದ್ದು ಸರಿ. ಆದರೆ ಸರಿಯಾದದ್ದನ್ನು ಹೇಳುವ ರೀತಿಯೂ ಸತ್ಯದ ಒಂದು ಭಾಗವೇ ಅಲ್ಲವೆ? ಕೂದಲನ್ನು ಸವರಿದರೆ ಮನುಷ್ಯ ಮತ್ತೆ ನೋಡುತ್ತಾನೆ. ಕಿತ್ತರೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಅದೇ ಬಸ್ರಾದಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಇಬ್ನ್ ಅಲ್ ಹೈಥಮ್ ಹುಟ್ಟಿದರು. ಬೆಳಕಿನ ಬಗ್ಗೆ ಅವರು ಬರೆದದ್ದು ಶಾಲಾ ಪುಸ್ತಕಗಳಲ್ಲೂ ಇದೆ. ಟಾಲೆಮಿಯ ಖಗೋಳಶಾಸ್ತ್ರವನ್ನು ಪ್ರಶ್ನಿಸುವ ಅವರ ಗ್ರಂಥದ ಆರಂಭದಲ್ಲಿ ಒಂದು ವಿಚಾರವಿದೆ: ಸತ್ಯವನ್ನು ಅರಸುವವನು ಹಿಂದಿನವರ ಬರಹವನ್ನು ಎಲ್ಲ ಕಡೆಯಿಂದಲೂ ಶಂಕಿಸಬೇಕು, ಹಾಗೆ ಶಂಕಿಸುವಾಗ ತನ್ನನ್ನೂ ಶಂಕಿಸಿಕೊಳ್ಳಬೇಕು. ನಮ್ಮ ಭಾಷಣಕಾರರು ಇವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಈ ಎರಡನೆಯ ಭಾಗವನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಇನ್ನೊಬ್ಬರನ್ನು ಶಂಕಿಸಲು ಗುರು ಬೇಕಿಲ್ಲ. ತನ್ನನ್ನು ಶಂಕಿಸಿಕೊಳ್ಳುವುದು ಹೇಗೆ? ಶಂಕಿಸುವ ಮನಸ್ಸೂ ಅದೇ ಬಯಸುವ ಮನಸ್ಸೇ ಆಗಿರುವಾಗ, ಕಳ್ಳನ ಕೈಗೇ ಕಾವಲು ಕೊಟ್ಟಂತಾಗುವುದಿಲ್ಲವೆ?

ಲೈಗೋ ಎಂಬ ಯೋಜನೆ ಕಟ್ಟಿದವರ ಎದುರಿಗಿದ್ದದ್ದು ಇದೇ ಪ್ರಶ್ನೆ. ಎಂಐಟಿಯ ರೈನರ್ ವೈಸ್ 1972ರಲ್ಲಿ ಇದರ ನೀಲನಕ್ಷೆ ಬರೆದರು. ಉರುಳೆಯ ಬದಲು ಬೆಳಕು. 'ಎಲ್' ಅಕ್ಷರದ ಆಕಾರದಲ್ಲಿ 4 ಕಿ.ಮೀ. ಉದ್ದದ ಎರಡು ತೋಳುಗಳು, ಒಳಗೆ ಗಾಳಿಯನ್ನು ಹೀರಿ ತೆಗೆದ ಕೊಳವೆ, ತುದಿಗಳಲ್ಲಿ ತೂಗಿಬಿಟ್ಟ ಕನ್ನಡಿಗಳು. ಲೇಸರ್ ಕಿರಣವನ್ನು ಎರಡಾಗಿ ಸೀಳಿ ಎರಡೂ ತೋಳುಗಳಿಗೆ ಅಟ್ಟಿ, ಮರಳಿ ಬಂದಾಗ ಕೂಡಿಸಿದರೆ, ಯಾವ ತೋಳು ಎಷ್ಟು ಹಿಗ್ಗಿತು ಎಂಬುದು ತಿಳಿಯುತ್ತದೆ. ಇಂಥದೊಂದು ಅಮೆರಿಕದ ವಾಯವ್ಯದ ಹ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು ದಕ್ಷಿಣದ ಲೂಸಿಯಾನ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿ. ನಡುವೆ 3000 ಕಿ.ಮೀ. ಅಳೆಯಬೇಕಾದ ಹಿಗ್ಗು ಎಷ್ಟು ಗೊತ್ತೆ? ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನ್ ಕಣದ ಅಗಲವನ್ನು ನೂರಾರು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಅಷ್ಟು ಸೂಕ್ಷ್ಮದ ಕಿವಿಗೆ ಮೌನ ಎಂಬುದೇ ಇಲ್ಲ. ದೂರದ ಕಡಲ ಅಲೆ, ರೈಲು, ಲಿವಿಂಗ್‌ಸ್ಟನ್ನಿನ ಸುತ್ತಲ ಕಾಡಿನಲ್ಲಿ ಮರ ಕಡಿದು ಉರುಳಿಸುವ ಸದ್ದು, ಕನ್ನಡಿಯ ಅಣುಗಳ ಸ್ವಂತ ಚಡಪಡಿಕೆ, ಎಲ್ಲವೂ ಅಲ್ಲಿ ಕೇಳಿಸುತ್ತದೆ. ಎಲ್ಲವೂ ಕೇಳಿಸುವಲ್ಲಿ ಬಯಸಿದ್ದು ಕೇಳಿಸದೆ ಇರುತ್ತದೆಯೆ?

2002ರಿಂದ 2010ರವರೆಗೆ ಈ ಯಂತ್ರಗಳು ಮಧ್ಯೆ ಮಧ್ಯೆ ಬಿಡುವು ಪಡೆದು ಕಿವಿಗೊಟ್ಟವು. ಏನೂ ಕೇಳಲಿಲ್ಲ. ಏನೂ ಕೇಳಲಿಲ್ಲವೆಂದೇ ಅವರು ಪ್ರಬಂಧಗಳನ್ನು ಬರೆದರು. ಇದನ್ನು ಓದುವಾಗ ನಗು ಬರಬಹುದು. ಆದರೆ ಸರಕಾರದ ಹಣ ಪಡೆದು, ಎಂಟು ವರ್ಷದ ಕೊನೆಗೆ ಕೈ ಖಾಲಿ ಎಂದು ಸಹಿ ಹಾಕಿ ಕೊಡುವ ಎಷ್ಟು ಇಲಾಖೆಗಳನ್ನು ನಾವು ಕಂಡಿದ್ದೇವೆ?

ವೆಬರ್ ಅವರ ಅನುಭವದಿಂದ ಕಲಿತ ಇವರು ತಮ್ಮ ಶಂಕೆಯನ್ನು ತಮ್ಮ ಮನಸ್ಸಿನ ಕೈಯಿಂದ ಕಿತ್ತು ಹೊರಗೆ ಇಟ್ಟರು. ಅದಕ್ಕಾಗಿಯೇ ಆ ಲಕೋಟೆ. ಕೆಲವರಿಗೆ ನಕಲಿ ಅಲೆ ತುರುಕುವ ಅಧಿಕಾರ ಕೊಟ್ಟು, ಉಳಿದವರು ಅದನ್ನು ಅರಿಯದೆ ದುಡಿಯುವುದು. ಪ್ರಬಂಧ ಪೂರ್ತಿ ಸಿದ್ಧವಾದ ಮೇಲೆಯೇ ಲಕೋಟೆ ತೆರೆಯುವುದು. ಇದರಿಂದ ಆದದ್ದೇನು? ಎಷ್ಟೇ ಸುಂದರವಾದ ಸಂಕೇತ ಬಂದರೂ, ಇದು ಆಕಾಶದ್ದೋ ನಮ್ಮವರದ್ದೋ ಎಂಬ ಸಂದೇಹ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿತ್ತು. ಬಯಕೆ ಒಂಟಿಯಾಗಿ ತೀರ್ಪು ಕೊಡುವಂತಿರಲಿಲ್ಲ.

ಹಾಗಾದರೆ ಇದು ಸುಳ್ಳು ಹೇಳಿದಂತಲ್ಲವೆ ಎಂದು ಕೇಳಬಹುದು. ನನಗೂ ಇದು ಪೂರ್ತಿ ಸಲೀಸಾಗಿ ಕಾಣುವುದಿಲ್ಲ. ಒಪ್ಪಿಗೆ ಕೊಟ್ಟವರಿಗೆ ಮಾಡಿದ ಮೋಸ ಮೋಸವಲ್ಲ ಎನ್ನುವುದು ನಿಜ, ಮದ್ದಿನ ಪರೀಕ್ಷೆಯಲ್ಲಿ ಕೆಲವರಿಗೆ ಬರಿಯ ಸಕ್ಕರೆ ಗುಳಿಗೆ ಕೊಡುವುದಿಲ್ಲವೆ? ಆದರೂ 2010ರ ಆ ಸುಳ್ಳಿನ ಬೆನ್ನಿಗೆ ಹೊರಗಿನ ದುರ್ಬೀನುಗಳೂ ಬರಿಯ ಬಾನಿನತ್ತ ತಿರುಗಿ ತಮ್ಮ ಬೆಲೆಬಾಳುವ ಹೊತ್ತನ್ನು ಕಳೆದವು. ಸಂಶೋಧಕರು ಆರು ತಿಂಗಳ ನಿದ್ದೆಗೆಟ್ಟರು. ಅತಿಯಾದ ಶಂಕೆ ಕಿವುಡನ್ನೂ ತರುತ್ತದೆ. 2007ರಲ್ಲೂ ಹೀಗೆಯೇ ನಕಲಿ ಅಲೆ ತುರುಕಿದ್ದರು. ತಿಂಗಳುಗಟ್ಟಲೆ ಚರ್ಚಿಸಿದರೂ ಆಗ ಇದು ಅಲೆಯೇ ಎಂದು ಖಚಿತವಾಗಿ ಹೇಳುವ ಧೈರ್ಯ ತಂಡಕ್ಕೆ ಬರಲಿಲ್ಲ. ವೆಬರ್ ಅವರ ನೆರಳು ಅಷ್ಟು ಉದ್ದವಾಗಿತ್ತು. ಇಲ್ಲದ್ದನ್ನು ಇದೆ ಎನ್ನುವ ತಪ್ಪಿಗೆ ಹೆದರಿ, ಇರುವುದನ್ನು ಇಲ್ಲವೆನ್ನುವ ತಪ್ಪಿಗೆ ಜಾರುವುದೂ ಉಂಟು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಆ ಲಕೋಟೆಯನ್ನು ನಾನು ಒಪ್ಪುತ್ತೇನೆ. ಮೋಸದ ಉದ್ದೇಶವೇ ಮೋಸವನ್ನು ಬಯಲು ಮಾಡುವುದಾಗಿತ್ತು, ಮತ್ತು ಅದು ತನ್ನ ಕೊನೆಯ ದಿನಾಂಕವನ್ನು ತಾನೇ ಹೊತ್ತು ತಂದಿತ್ತು. ಸಾಮಾನ್ಯ ಸುಳ್ಳಿಗೆ ಆ ದಿನಾಂಕ ಇರುವುದಿಲ್ಲ.

ಲಕೋಟೆ ಇಲ್ಲದವರಿಗೆ ಏನಾಗುತ್ತದೆ ಎಂಬುದು 2014ರಲ್ಲಿ ಕಂಡಿತು. ದಕ್ಷಿಣ ಧ್ರುವದಲ್ಲಿದ್ದ ಬೈಸೆಪ್-2 ಎಂಬ ದುರ್ಬೀನಿನ ತಂಡ, ಬ್ರಹ್ಮಾಂಡ ಹುಟ್ಟಿದ ಗಳಿಗೆಯ ಗುರುತ್ವದ ಅಲೆಗಳ ಗುರುತನ್ನು ಕಂಡಿದ್ದೇವೆ ಎಂದು ಆ ಮಾರ್ಚಿಯಲ್ಲಿ ಪತ್ರಿಕಾಗೋಷ್ಠಿ ಕರೆದು ಸಾರಿತು. ಆ ಕಾಲದ ಒಂದು ವಿಡಿಯೋ ಇದೆ. ಈ ಸಿದ್ಧಾಂತಕ್ಕೆ ಬದುಕು ಸವೆಸಿದ ಆಂದ್ರೆಯಿ ಲಿಂಡೆ ಅವರ ಮನೆಬಾಗಿಲಿಗೆ ಕಿರಿಯ ವಿಜ್ಞಾನಿಯೊಬ್ಬರು ಬಾಟಲಿ ಹಿಡಿದು ಬಂದು ಸುದ್ದಿ ಮುಟ್ಟಿಸುತ್ತಾರೆ. ಲಿಂಡೆ ದಂಪತಿಗಳ ಸಂತೋಷ ನೋಡುವಂತಿದೆ. ಅದೇ ವಿಡಿಯೋದಲ್ಲಿ ಲಿಂಡೆ, ಇದು ಸುಂದರವಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ನಂಬುತ್ತಿದ್ದರೆ, ಮೋಸಹೋಗುತ್ತಿದ್ದರೆ, ಎಂಬರ್ಥದ ಅಳುಕನ್ನೂ ಆಡುತ್ತಾರೆ. ಕೆಲವೇ ತಿಂಗಳಲ್ಲಿ ಆ ಅಳುಕು ನಿಜವಾಯಿತು. ಅವರು ಕಂಡದ್ದರಲ್ಲಿ ನಮ್ಮ ಆಕಾಶಗಂಗೆಯದೇ ಧೂಳಿನ ಪಾಲು ಎಷ್ಟಿತ್ತೆಂದರೆ, ಅಲೆಯ ಗುರುತು ಎನ್ನಲು ಏನೂ ಉಳಿಯಲಿಲ್ಲ ಎಂದು ಪ್ಲಾಂಕ್ ಉಪಗ್ರಹದ ತಂಡದೊಂದಿಗೆ ಸೇರಿ 2015ರಲ್ಲಿ ಅವರೇ ಒಪ್ಪಿಕೊಂಡರು. ಬ್ರಹ್ಮಾಂಡದ ತೊಟ್ಟಿಲೆಂದು ನೋಡಿದ್ದು ಅಂಗಳದ ಧೂಳು.

ಕತೆ ಬರೆಯುವ ನನ್ನಂಥವರ ಕಸುಬು ಇದಕ್ಕೆ ತೀರ ಉಲ್ಟಾ. ಬಯಸಿದ್ದನ್ನು ನಡೆದಂತೆ ಬರೆಯುವುದೇ ನಮ್ಮ ಕೆಲಸ, ಓದುಗರೂ ಅದಕ್ಕೆ ಒಪ್ಪಿಗೆ ಕೊಟ್ಟೇ ಪುಟ ತೆರೆಯುತ್ತಾರೆ. ಆದ್ದರಿಂದಲೇ ಇರಬೇಕು, ಯಾರಾದರೂ ನಿಜವೆಂದು ಹೇಳುವ ಮಾತು ಕತೆಯಷ್ಟು ನಯವಾಗಿ ಕೂಡಿಬಂದರೆ ನನಗೆ ದಿಗಿಲಾಗುತ್ತದೆ. ಅಪರಾಧಿ ನಾವು ಮೊದಲಿನಿಂದಲೂ ಇಷ್ಟಪಡದ ಓಣಿಯವನೇ ಆಗಿರುವ ಸುದ್ದಿ, ಮಹಾತ್ಮ ನಮ್ಮ ಜಾತಿಯವನೇ ಆಗಿರುವ ಸುದ್ದಿ, ಇವು ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಎರಡನೆಯ ಉರುಳೆ ಮಿಡಿಯಿತೇ ಎಂದು ಯಾರೂ ಕೇಳುವುದಿಲ್ಲ. ನಮ್ಮವರೂ ಕೇಳುವುದಿಲ್ಲ, ಅವರೂ ಕೇಳುವುದಿಲ್ಲ. ಇರಲಿ.

2015ರ ಸೆಪ್ಟೆಂಬರ್ 14. ಹೊಸದಾಗಿ ಬಲಪಡಿಸಿದ ಲೈಗೋ ಇನ್ನೂ ಅಧಿಕೃತವಾಗಿ ಕೆಲಸ ಆರಂಭಿಸಿರಲಿಲ್ಲ, ಪರೀಕ್ಷೆಗಳು ನಡೆಯುತ್ತಿದ್ದವು. ಲಿವಿಂಗ್‌ಸ್ಟನ್‌ನಲ್ಲಿ ರಾತ್ರಿಯೆಲ್ಲ ಯಂತ್ರವನ್ನು ಅಲುಗಿಸಿ ನೋಡುತ್ತಿದ್ದ ಇಬ್ಬರು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸಾಕೆಂದು ಕೈಬಿಟ್ಟರು. ಅಲ್ಲಿನ ಗಡಿಯಾರದಲ್ಲಿ 4 ಗಂಟೆ 50 ನಿಮಿಷಕ್ಕೆ ಅಲೆ ಬಂತು. ಸೆಕೆಂಡಿನ ಸಾವಿರದ ಏಳು ಪಾಲು ಕಳೆದು ಹ್ಯಾನ್‌ಫರ್ಡ್ ಮಿಡಿಯಿತು. ಒಟ್ಟು 0.2 ಸೆಕೆಂಡಿನ ಸಂಗತಿ. ಜರ್ಮನಿಯ ಹ್ಯಾನೋವರಿನಲ್ಲಿ ಆಗ ನಡುಹಗಲು. ಅದನ್ನು ಮೊದಲು ತೆರೆಯಲ್ಲಿ ನೋಡಿದ ಇಟಲಿಯ ತರುಣ ಮಾರ್ಕೋ ದ್ರಾಗೋ ಕುಣಿದಾಡಲಿಲ್ಲ. ಯಾರು ತುರುಕಿದ್ದು ಇದನ್ನು ಎಂದು ವಿಚಾರಿಸತೊಡಗಿದರು. ಅಷ್ಟು ಚೆನ್ನಾಗಿದ್ದದ್ದೇ ಅದರ ಮೇಲಿನ ಮೊದಲ ಆಪಾದನೆ. ನಕಲಿ ತುರುಕುವ ವ್ಯವಸ್ಥೆ ಆ ದಿನ ಚಾಲ್ತಿಯಲ್ಲೇ ಇರಲಿಲ್ಲ ಎಂಬುದು ಖಚಿತವಾದ ಮೇಲೂ, ಯಾರಾದರೂ ದುರುದ್ದೇಶದಿಂದ ಒಳಗೆ ನುಗ್ಗಿ ಮಾಡಿದ ಕೆಲಸವೇ ಎಂದು ಹುಡುಕಿದರು. ಕೊನೆಗೆ 2016ರ ಫೆಬ್ರವರಿ 11ರಂದು ಜಗತ್ತಿಗೆ ಹೇಳಿದರು: ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದು ಕಪ್ಪುಕುಳಿಯಾಯಿತು. ಲೆಕ್ಕದಲ್ಲಿ ಕಳೆದುಹೋದ ಮೂರು ಸೂರ್ಯರು ಅಲೆಯಾಗಿ ಹೊರಟವರು.

ಇದು ಆಕಸ್ಮಿಕವಲ್ಲ ಎಂದು ತೋರಿಸಿದ ಕ್ರಮವನ್ನು ಹೇಳಲೇಬೇಕು. ಒಂದು ಕಡೆಯ ದಾಖಲೆಯನ್ನು ಬೇಕೆಂದೇ ಹಿಂದಕ್ಕೆ ಮುಂದಕ್ಕೆ ಜರುಗಿಸಿ ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ. ಹಾಗೆ ಜರುಗಿಸಿದಾಗ ಸಿಗುವ 'ಒಂದೇ ಕ್ಷಣದ ಮಿಡಿತ'ಗಳೆಲ್ಲ ಖಂಡಿತ ಹುಸಿ. ಅವು ಎಷ್ಟು ಸಿಗುತ್ತವೆ ಎಂಬುದರ ಮೇಲೆ ನಿಜದ ಬೆಲೆ ಗೊತ್ತಾಗುತ್ತದೆ. ಈ ಸಲ ಬಂದ ಉತ್ತರ: ಅಂಥ ಹುಸಿ ಮಿಡಿತ ಬರಲು ಎರಡು ಲಕ್ಷ ವರ್ಷಕ್ಕೂ ಹೆಚ್ಚು ಕಾಯಬೇಕು. ಈ ಜರುಗಿಸುವ ಉಪಾಯವನ್ನು ಈ ಕ್ಷೇತ್ರಕ್ಕೆ ತಂದವರು ಯಾರು? ಜೋಸೆಫ್ ವೆಬರ್. ನಾಲ್ಕು ಗಂಟೆಯ ಗಡಿಯಾರದ ಎಡವಟ್ಟು ಅವರ ಅಸ್ತ್ರವನ್ನೇ ಅವರ ಮೇಲೆ ತಿರುಗಿಸಿತ್ತು.

ವೆಬರ್ ಉರುಳೆ ತೂಗುತ್ತಿದ್ದ ಅದೇ ಮೇರಿಲ್ಯಾಂಡಿನಲ್ಲಿ ಆಗ ಬೆಂಗಳೂರಿನ ತರುಣರೊಬ್ಬರು ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದರು. ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ. ಕುಂಬಾರನ ಅಂಗಡಿಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದ ಅದು ಗಟ್ಟಿಯೋ ಬಿರುಕೋ ತಿಳಿಯುತ್ತಾರಲ್ಲ, ವಿಶ್ವೇಶ್ವರ ಅವರು ಕಪ್ಪುಕುಳಿಯನ್ನು ಹಾಗೆ ಗಣಿತದಿಂದ ತಟ್ಟಿ ನೋಡಿದರು. ತಟ್ಟಿದ ಕಪ್ಪುಕುಳಿ ಒಂದು ನಿರ್ದಿಷ್ಟ ಸ್ವರದಲ್ಲಿ ಮಿಡಿದು ಬೇಗನೆ ಆರಿಹೋಗುತ್ತದೆ, ಆ ಸ್ವರ ಅದರ ತೂಕ ಹೇಳುತ್ತದೆ ಎಂದು 1970ರಲ್ಲಿ ತೋರಿಸಿದರು. ಕಪ್ಪುಕುಳಿ ಎಂಬುದು ಇದೆಯೋ ಇಲ್ಲವೋ ಎಂದು ಬಹಳ ಜನ ಅನುಮಾನಿಸುತ್ತಿದ್ದ ಕಾಲ ಅದು. ಒಂದೇ ಊರಲ್ಲಿ ಒಬ್ಬರು ಕೇಳಿಸದ್ದನ್ನು ಕೇಳಿಸಿತು ಎನ್ನುತ್ತಿದ್ದರು, ಇನ್ನೊಬ್ಬರು ಕೇಳಿಸಿದರೆ ಹೇಗೆ ಕೇಳಿಸಬೇಕು ಎಂದಷ್ಟೇ ಬರೆದಿಟ್ಟರು. ಬೆಂಗಳೂರಿಗೆ ಮರಳಿ, ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿ, ಬಿಡುವಿನಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಈ ಹಾಸ್ಯಪ್ರಿಯರು ತಮ್ಮ ಸ್ವರಕ್ಕಾಗಿ ನಲವತ್ತೈದು ವರ್ಷ ಅವಸರಪಡಲಿಲ್ಲ. 2015ರ ಸಂಕೇತದ ತುದಿಯಲ್ಲಿ, ಎರಡು ಕುಳಿ ಒಂದಾದ ಮೇಲೆ ಆರಿಹೋಗುವ ಆ ಮಿಡಿತದ ಸುಳಿವಿತ್ತು. 2025ರ ಜನವರಿ 14ರಂದು ಸಿಕ್ಕ ಇನ್ನೂ ಸ್ಪಷ್ಟವಾದ ಅಲೆಯಲ್ಲಿ ಒಂದಲ್ಲ, ಎರಡು ಸ್ವರಗಳನ್ನು ಬಿಡಿಸಿ ಗುರುತಿಸಿದ್ದಾರೆ. ವಿಶ್ವೇಶ್ವರ ಅವರು 2016ರ ಸುದ್ದಿಯನ್ನು ಕೇಳಿ, 2017ರ ಜನವರಿಯಲ್ಲಿ ತೀರಿಕೊಂಡರು.

ಇಷ್ಟಾದರೂ ಒಂದು ಎಳೆ ಉಳಿಯುತ್ತದೆ. ಒಳಗಿನವರೇ ಹಲವರು ಕೂಡಿ ಸಂಚು ಮಾಡಿದ್ದರೆ? ಯಂತ್ರ ಅದಕ್ಕೆ ಉತ್ತರ ಕೊಡಲಾರದು. ಎಷ್ಟು ಕಾವಲು ಹಾಕಿದರೂ ಕೊನೆಯ ಕಾವಲುಗಾರನನ್ನು ನಂಬಲೇಬೇಕು. ಅದಕ್ಕೆ ಲೈಗೋದವರು ಕೊಟ್ಟ ಉತ್ತರ, ದಾಖಲೆಯನ್ನು ಯಾರು ಬೇಕಾದರೂ ನೋಡಿ ಎಂದು ತೆರೆದಿಟ್ಟದ್ದು. 2017ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಸಂಸ್ಥೆಯ ಒಂದು ತಂಡ ಅದೇ ದಾಖಲೆಯನ್ನು ಹಿಡಿದು, ನಿಮ್ಮ ಗದ್ದಲದ ಲೆಕ್ಕ ಸರಿಯಿಲ್ಲ ಎಂದು ತಕರಾರು ಎತ್ತಿತು. ಬೇರೆ ಬೇರೆ ಗುಂಪುಗಳು ಮತ್ತೆ ಲೆಕ್ಕ ಹಾಕಿದವು, ಅಲೆ ಉಳಿಯಿತು. ತನ್ನನ್ನು ಸೋಲಿಸಬಲ್ಲ ಕಾಗದವನ್ನು ತಾನೇ ಎದುರಾಳಿಯ ಕೈಗೆ ಕೊಡುವ ಸಾಕ್ಷಿಯನ್ನು ಬಯಸಿದವನೆಂಬ ಕಾರಣಕ್ಕೆ ತಳ್ಳಿಹಾಕುವುದು ಕಷ್ಟ. 2025ರ ಹೊತ್ತಿಗೆ ಇಂಥ ಡಿಕ್ಕಿಗಳು ಸುಮಾರು ಮುನ್ನೂರು ಕೇಳಿಸಿವೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋದ ಭಾರತದ ಕೇಂದ್ರಕ್ಕೆ 2023ರಲ್ಲಿ 2600 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿದೆ.

ವೆಬರ್ 2000ದ ಸೆಪ್ಟೆಂಬರಿನಲ್ಲಿ, 81ರ ವಯಸ್ಸಿನಲ್ಲಿ ತೀರಿಕೊಂಡರು. ಸರಕಾರದ ಅನುದಾನ ನಿಂತುಹೋದ ಮೇಲೂ ಅವರು ತಮ್ಮ ಪ್ರಯೋಗಾಲಯಕ್ಕೆ ಹೋಗಿ ಉರುಳೆಗಳ ಬಳಿ ಕೂರುತ್ತಿದ್ದರು. ತಾನು ಕೇಳಿದ್ದು ಅಲೆಯನ್ನೇ ಎಂದು ಕೊನೆಯವರೆಗೂ ಹೇಳಿದರು. 2016ರ ಆ ಫೆಬ್ರವರಿ ದಿನ ವಾಷಿಂಗ್ಟನ್ನಿನ ಪತ್ರಿಕಾಗೋಷ್ಠಿಯಲ್ಲಿ ಅವರ ಪತ್ನಿ, ಖಗೋಳ ವಿಜ್ಞಾನಿ ವರ್ಜೀನಿಯಾ ಟ್ರಿಂಬಲ್, ಸಭಿಕರ ನಡುವೆ ಕುಳಿತಿದ್ದರು. ವೇದಿಕೆಯಲ್ಲಿದ್ದವರು ವೆಬರ್ ಅವರ ಹೆಸರನ್ನು ಗೌರವದಿಂದ ನೆನೆದರು. ಏನನ್ನೂ ಹಿಡಿಯದ ಅವರ ಅಲ್ಯುಮಿನಿಯಂ ಉರುಳೆಗಳಲ್ಲಿ ಒಂದನ್ನು ಹ್ಯಾನ್‌ಫರ್ಡ್‌ನಲ್ಲಿ, ಅಲೆಯನ್ನು ಹಿಡಿದ ಆ ಯಂತ್ರದ ಆವರಣದಲ್ಲೇ, ನೋಡಲು ಬರುವವರಿಗಾಗಿ ಇಟ್ಟಿದ್ದಾರೆ.